ಕೆಲಸ ಮುಗಿಸಿ ಪಾರ್ಕಿಗೆ ಹೋದರೆ ಸಿಗೋದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಹಕ್ಕಿ ನೋಡೋದು ಹೇಗೆ?

ಲೆಕ್ಕದ ಮೇಜು

ಎಲ್ಲರಿಗೂ ನಮಸ್ಕಾರ. ಹಕ್ಕಿ ವಿಷಯದಲ್ಲಿ ನಾನು ತೀರಾ ಹೊಸಬಳು. ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ದಿನವಿಡೀ ಒಂದೇ ಪರದೆ ನೋಡಿ ಕಣ್ಣು ಉರಿಯಲು ಶುರುವಾದಾಗ ಕಣ್ಣಿನ ಡಾಕ್ಟರು "ಸಂಜೆ ಸ್ವಲ್ಪ ಹೊತ್ತು ದೂರ ನೋಡಿ" ಅಂದರು. ನಾನು ಆ ಮಾತನ್ನು ಸ್ವಲ್ಪ ಜಾಸ್ತಿಯೇ ಮನಸ್ಸಿಗೆ ಹಾಕಿಕೊಂಡೆ. ಏಳು ವಾರದಿಂದ, ಕೆಲಸವಿದ್ದ ದಿನವೆಲ್ಲ, ಪಾರ್ಕಿನ ಅದೇ ಬೆಂಚು.

ಐದೂವರೆಗೆ ಆಫೀಸಿನಿಂದ ಎದ್ದರೆ 5:40ಕ್ಕೆ ಬೆಂಚಿನ ಮೇಲೆ ಇರುತ್ತೇನೆ. ಕತ್ತಲಾಗುವ ತನಕ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆಮೇಲೆ ಕಾವಲಿನವರು ಶಿಳ್ಳೆ ಊದುತ್ತಾರೆ, ಗೇಟು ಹಾಕುತ್ತಾರೆ. ಬೆಳಿಗ್ಗೆ ಬರಲು ನನಗೆ ಆಗುವುದಿಲ್ಲ. ಯಾರನ್ನು ಕೇಳಿದರೂ "ಹಕ್ಕಿ ನೋಡೋದು ಅಂದ್ರೆ ಬೆಳಗಿನ ಕೆಲಸ, ಸಂಜೆ ಏನು ಸಿಗುತ್ತೆ?" ಅನ್ನುತ್ತಾರೆ. ನಿಜವಾಗಿಯೂ ಹಾಗೇನಾ? ನಾನು ಸುಮ್ನೆ ಹೊತ್ತು ಕಳೀತಿದ್ದೀನಾ?

ನನ್ನ ಬೆಂಚಿನ ಎದುರು ಒಂದು ದೊಡ್ಡ ಮಳೆಮರ ಇದೆ. ಎಡಕ್ಕೆ ಸಣ್ಣ ಕೊಳ, ಅದರ ಅಂಚಿಗೆ ಬಿದಿರು ಮೆಳೆ. ಬಲಕ್ಕೆ ಒಂದು ದೀಪದ ಕಂಬ, ಅದರ ಹಿಂದೆ ಪೊಟರೆ ಇರುವ ಹಳೇ ಮರ. ಇಷ್ಟೇ ನನ್ನ ಸಾಮ್ರಾಜ್ಯ. ಬೈನಾಕ್ಯುಲರ್ ಒಂದಿದೆ. ಪ್ರವಾಸಕ್ಕೆ ಅಂತ ನಮ್ಮ ಯಜಮಾನರು ಎಂದೋ ತಂದದ್ದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೇಲೆ 10×25 ಅಂತ ಬರೆದಿದೆ. ಸೂರ್ಯ ಇರುವಾಗ ಚೆನ್ನಾಗಿಯೇ ಕಾಣುತ್ತದೆ. ಸೂರ್ಯ ಇಳಿದು ಹತ್ತು ನಿಮಿಷಕ್ಕೆ ಅದರೊಳಗೆ ಕತ್ತಲೆ, ಹೊರಗೆ ಇನ್ನೂ ಬೆಳಕು! ಕೆಟ್ಟುಹೋಗಿದೆಯಾ ಅಂತ ಅನುಮಾನ.

ಇನ್ನೂ ಒಂದು ವಿಚಿತ್ರ. ಪಿಕಳಾರದ ಬಾಲದ ಬುಡದಲ್ಲಿ ಕೆಂಪು ಇರುತ್ತದಲ್ಲ, ಸಂಜೆ ಹೊತ್ತು ಅದು ಕೆಂಪಾಗಿ ಕಾಣುವುದೇ ಇಲ್ಲ. ಕಪ್ಪಗೆ ಕಾಣುತ್ತದೆ. ಎಲೆಯ ಹಸಿರು ಮಾತ್ರ ಹಾಗೇ ಇದ್ದಂತೆ ಅನ್ನಿಸುತ್ತದೆ.

ಗೊರವಂಕಗಳದ್ದು ಇನ್ನೊಂದು ಕತೆ. ಗುಂಪು ಗುಂಪಾಗಿ ಬಂದು ಮಳೆಮರ ತುಂಬಿಕೊಳ್ಳುತ್ತವೆ. ಆ ಗಲಾಟೆ ತಿಂಗಳ ಕೊನೆಯ ದಿನ ನಮ್ಮ ಆಫೀಸಿನಲ್ಲೂ ಇರುವುದಿಲ್ಲ. ಎಣಿಸಲು ಹೋದೆ. ಒಂದು ದಿನ 140, ಮರುದಿನ 310, ಅದರ ಮರುದಿನ 90. ಲೆಕ್ಕದವಳಿಗೆ ಇದು ಅವಮಾನ.

ಕೊನೆಗೆ ನನ್ನ ತಲೆ ತಿನ್ನುತ್ತಿರುವ ಹಕ್ಕಿ. ದೀಪದ ಕಂಬದ ಮೇಲೆ ಕೂರುತ್ತದೆ. ದೀಪ ಹತ್ತಿದ ಮೇಲೆ ಕಂಬದಿಂದ ಹಾರಿ, ಗಾಳಿಯಲ್ಲೇ ಗಿರಕ್ಕನೆ ತಿರುಗಿ, ಮತ್ತೆ ಅದೇ ಕಂಬಕ್ಕೆ ಬಂದು ಕೂರುತ್ತದೆ. ಹುಳ ಹಿಡಿಯುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ನನ್ನ ಪುಸ್ತಕದಲ್ಲಿ ಒಂದು ದಿನ "ಉದ್ದ ಬಾಲ" ಅಂತ ಬರೆದಿದ್ದೇನೆ, ಇನ್ನೊಂದು ದಿನ "ಬಾಲವೇ ಇಲ್ಲ" ಅಂತ. ಒಂದೇ ಹಕ್ಕಿಗೆ ಬಾಲ ಬಂದು ಹೋಗಿ ಮಾಡುತ್ತಾ? ದಯವಿಟ್ಟು ಯಾರಾದರೂ ಹೇಳಿ.

ಹಳೇ ದುರ್ಬೀನು

ಮೇಡಂ, ನಿಮ್ಮ ಬೈನಾಕ್ಯುಲರ್ ಕೆಟ್ಟಿಲ್ಲ. ಅದು ಹಗಲಿನ ಬೈನಾಕ್ಯುಲರ್, ಅಷ್ಟೆ.

ಅದನ್ನು ಕೈ ಚಾಚಿ ದೂರ ಹಿಡಿದು, ಕಣ್ಣಿಡುವ ಕಡೆಯ ಗಾಜನ್ನು ನೋಡಿ. ನಡುವೆ ಒಂದು ಪುಟ್ಟ ಬೆಳಕಿನ ವೃತ್ತ ಕಾಣುತ್ತದೆ. ನಿಮ್ಮ ಕಣ್ಣಿಗೆ ಬೆಳಕು ಬರುವ ಬಾಗಿಲು ಅದೇ. ಅದರ ಅಗಲ ತಿಳಿಯುವುದು ಸುಲಭ, ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 25 ಭಾಗಿಸು 10, ಅಂದರೆ ಎರಡೂವರೆ ಮಿಲಿಮೀಟರ್. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಕುಗ್ಗಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ನಷ್ಟವಿಲ್ಲ. ಸಂಜೆ ಪಾಪೆ ಐದು ಮಿಲಿಮೀಟರ್ ಆಸುಪಾಸಿಗೆ ಅರಳುತ್ತದೆ. ಎಳೆಯರಲ್ಲಿ ಪೂರ್ತಿ ಕತ್ತಲಲ್ಲಿ ಏಳರ ತನಕವೂ ಹೋಗುತ್ತದೆ. ಬಾಗಿಲು ಎರಡೂವರೆಯದು, ಒಳಗೆ ಕಾಯುತ್ತಿರುವ ಕಣ್ಣು ಐದರದು. ಕತ್ತಲೆ ಅನ್ನಿಸದೆ ಇನ್ನೇನು? 8×42 ಇದ್ದರೆ ಐದೂ ಕಾಲು ಮಿಲಿಮೀಟರ್ ಬರುತ್ತದೆ. ಹಕ್ಕಿ ನೋಡುವವರು ಬಹಳ ಜನ ಅದನ್ನೇ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ. 7×50ರಲ್ಲಿ ಇನ್ನೂ ಜಾಸ್ತಿ ಬೆಳಕು, ಆದರೆ ಕುತ್ತಿಗೆ ನೋವು ಉಚಿತ.

ನಾಳೆಯೇ ಹೋಗಿ ಹೊಸದು ಕೊಳ್ಳಬೇಡಿ ಮಾತ್ರ. ಸೂರ್ಯ ಮುಳುಗಿದ ಮೇಲೆ ಅದನ್ನು ಮಡಿಲಲ್ಲಿಟ್ಟು ಬರಿಗಣ್ಣಲ್ಲಿ ನೋಡಿ. ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಸಂಜೆಯ ಒಳ್ಳೆಯ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಬರಿಗಣ್ಣಿನವು.

ಪಿಕಳಾರದ ಕೆಂಪು ಕಪ್ಪಾಗಿದ್ದೂ ನಿಮ್ಮ ಕಣ್ಣಿನ ದೋಷವಲ್ಲ. ಪರ್ಕಿಂಜೆ ಅನ್ನುವ ಚೆಕ್ ವಿಜ್ಞಾನಿ ಸುಮಾರು ಇನ್ನೂರು ವರ್ಷದ ಹಿಂದೆಯೇ ಇದನ್ನು ಹೂವುಗಳಲ್ಲಿ ಗಮನಿಸಿದ್ದರು. ಹಗಲಿನಲ್ಲಿ ಬಣ್ಣ ತಿಳಿಯುವುದು ಕಣ್ಣಿನ ಒಂದು ಬಗೆಯ ಕೋಶಗಳಿಂದ, ಮಬ್ಬಿನಲ್ಲಿ ಕೆಲಸ ಮಾಡುವ ಕೋಶಗಳೇ ಬೇರೆ. ಈ ಎರಡನೆಯವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನೀಲಿ, ಹಸಿರು ಬೆಳಕಾಗಿಯೇ ಕಾಣುತ್ತವೆ. ಅದಕ್ಕೇ ಎಲೆ ಉಳಿಯಿತು, ಪಿಕಳಾರದ ಕೆಂಪು ಹೋಯಿತು. ಸಂಜೆ ಬಣ್ಣ ನಂಬಿ ಹಕ್ಕಿ ಗುರುತಿಸಲು ಹೊರಟರೆ ಮೋಸ ಹೋಗುತ್ತೀರಿ. ಆಕಾರ, ಕೂರುವ ರೀತಿ, ಹಾರುವ ರೀತಿ, ದನಿ. ಇವನ್ನು ಹಿಡಿಯಿರಿ.

ಇನ್ನೊಂದು ಸಣ್ಣ ಉಪಾಯ. ಸೂರ್ಯ ಇರುವ ತನಕ ಪಶ್ಚಿಮಕ್ಕೆ ಬೆನ್ನು ಮಾಡಿ ಕೂತುಕೊಳ್ಳಿ, ಹಕ್ಕಿಯ ಮೈಮೇಲೆ ಬೆಳಕು ಬೀಳುತ್ತದೆ. ಸೂರ್ಯ ಮುಳುಗಿದ ಕೂಡಲೇ ಎದ್ದು ಆ ಕಡೆಗೇ ತಿರುಗಿ. ಆಮೇಲೆ ಆಕಾಶದಲ್ಲಿ ಬೆಳಕು ಉಳಿಯುವುದು ಅಲ್ಲೇ, ಅದರ ಎದುರು ಹಕ್ಕಿಯ ಅಂಚು ಕತ್ತರಿಸಿಟ್ಟಂತೆ ಕಾಣುತ್ತದೆ. ಬೆಂಚು ಒಂದೇ ಇರಲಿ, ಮುಖ ಎರಡು ಕಡೆ.

ಕಂಬದ ಹಕ್ಕಿ? ಕಾಜಾಣ. ನನಗೆ ಅನುಮಾನವೇ ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುವವರಲ್ಲಿ ಅದೂ ಒಂದು, ಸಂಜೆ ಕೊನೆಗೆ ಮಲಗುವವರಲ್ಲೂ ಒಂದು. ದೀಪಕ್ಕೆ ಬರುವ ಹುಳ ಹಿಡಿಯುವ ಅಭ್ಯಾಸ ಅದಕ್ಕಿದೆ. ಬಾಲದ ತುದಿ ಎರಡಾಗಿ ಸೀಳಿರುತ್ತದೆ, ಮೀನಿನ ಬಾಲದ ಹಾಗೆ. "ಬಾಲವೇ ಇಲ್ಲ" ಅಂತ ಬರೆದ ದಿನ ಅದು ನಿಮ್ಮ ಕಡೆ ಮುಖ ಮಾಡಿ ಕೂತಿರಬೇಕು.

ಕತ್ತಲೆಕಿವಿ

ದುರ್ಬೀನು ಸರ್ ಹೇಳಿದ್ದರಲ್ಲಿ ಬಾಕಿ ಎಲ್ಲ ಒಪ್ಪಿದೆ, ಕೊನೆಯ ಮಾತು ಬಿಟ್ಟು. ಕಾಜಾಣ ಮುಖ ಮಾಡಿ ಕೂತರೂ ಬಾಲ ಕಂಬದ ಕೆಳಗೆ ಇಳಿಬಿದ್ದಿರುತ್ತದೆ, ಕಾಣದೇ ಇರಲ್ಲ. ಬಾಲವೇ ಇಲ್ಲ ಅನ್ನಿಸಬೇಕಾದರೆ ತಲೆ ದೊಡ್ಡದು, ಮೈ ಗುಂಡಗೆ, ಬಾಲ ಮೊಂಡು. ಹಾಲಕ್ಕಿ ಯಾಕಾಗಬಾರದು?

ಹೌದು, ಆ ಪುಟ್ಟ ಗೂಬೆ. ಒಂದು ಗೇಣಿಗಿಂತ ಅಂಥ ದೊಡ್ಡದೇನಲ್ಲ, 21 ಸೆಂಟಿಮೀಟರ್ ಆಸುಪಾಸು. ಅದೂ ದೀಪದ ಕಂಬದ ಮೇಲೆ ಕೂತು ಹುಳ ಹಿಡಿಯುತ್ತದೆ. ಮತ್ತೆ ಇದು ನೋಡಿ, ಅವರೇ ಬರೆದಿದ್ದಾರೆ, ಕಂಬದ ಹಿಂದೆ ಪೊಟರೆ ಇರುವ ಹಳೇ ಮರ. ಹಾಲಕ್ಕಿಗೆ ಮನೆ ಬೇಕಾದರೆ ಇನ್ನೆಂಥದು ಬೇಕು?

ಮೇಡಂ, "ಚಿರ್ರ್ ಚಿರ್ರ್" ಅಂತ ಜಗಳದ ಹಾಗೆ ಶುರುವಾಗಿ "ಚೀವಕ್ ಚೀವಕ್" ಅಂತ ಮುಗಿಯುವ ದನಿ ಎಂದಾದರೂ ಕೇಳಿದ್ದೀರಾ? ಇಬ್ಬರು ಒಂದೇ ಸಲ ಬೈದಾಡಿಕೊಂಡ ಹಾಗಿರುತ್ತದೆ. ಕೇಳಿದ್ದರೆ ಅದೇ. ಇನ್ನೊಂದು ಗುರುತು, ಯಾರನ್ನಾದರೂ ಗಮನಿಸುವಾಗ ತಲೆಯನ್ನು ಮೇಲೆ ಕೆಳಗೆ, ಆ ಕಡೆ ಈ ಕಡೆ ಆಡಿಸುತ್ತದೆ. ಗೂಬೆಯ ಕಣ್ಣು ಗುಂಡಿಯಲ್ಲಿ ತಿರುಗುವುದಿಲ್ಲ, ಅದಕ್ಕೇ ಕುತ್ತಿಗೆಗೆ ಅಷ್ಟು ಕೆಲಸ. ನಮ್ಮ ಕುತ್ತಿಗೆಯಲ್ಲಿ 7 ಮೂಳೆ, ಗೂಬೆಗೆ 14.

ಹಗಲಿರುವಾಗಲೂ ಪತ್ತೆ ಮಾಡಬಹುದು. ಪಿಕಳಾರ, ಕಾಜಾಣ, ಗೊರವಂಕ ಎಲ್ಲ ಸೇರಿ ಒಂದೇ ಕೊಂಬೆಯ ಸುತ್ತ ಕಿರುಚಾಡುತ್ತಿದ್ದರೆ ಹೋಗಿ ನೋಡಿ. ಹಾವೋ ಗೂಬೆಯೋ ಸಿಕ್ಕಿಬಿದ್ದಿರುತ್ತದೆ.

ಹಳೇ ದುರ್ಬೀನು

ಇರಬಹುದು. ಆದರೂ ನನ್ನ ದುಡ್ಡು ಕಾಜಾಣದ ಮೇಲೇ.

ಬಿದಿರು ಮೆಳೆ

ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಮುಗಿಯಿತು. ಫೋನ್ ಹಿಡಿದರೆ ಯಾವ ಹಕ್ಕಿ ಕೂಗುತ್ತಿದೆ ಅಂತ ಅದೇ ಹೇಳುತ್ತೆ. ಇಷ್ಟೆಲ್ಲ ತಲೆಬಿಸಿ ಯಾಕೆ?

ಕತ್ತಲೆಕಿವಿ

ಆ್ಯಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು, ದನಿ ಗುರುತಿಸುವ ಸೌಲಭ್ಯ 2021ರಲ್ಲಿ ಬಂತು. ಆದರೆ ಗೊರವಂಕಗಳ ಮರದ ಕೆಳಗೆ ಫೋನ್ ಹಿಡಿದು ನೋಡಿ! ಅಷ್ಟು ಗದ್ದಲದಲ್ಲಿ ಪಕ್ಕದಲ್ಲಿ ಮೆಲ್ಲಗೆ ಉಲಿಯುವ ಹಕ್ಕಿ ಅದಕ್ಕೆಲ್ಲಿ ಕೇಳಬೇಕು? ಅದು ತೋರಿಸುವ ಹೆಸರನ್ನು ಸುಳಿವು ಅಂತ ಇಟ್ಟುಕೊಳ್ಳಬೇಕು, ತೀರ್ಪು ಅಂತ ಅಲ್ಲ.

ಇನ್ನೂ ದೊಡ್ಡ ತೊಂದರೆ ಪರದೆಯದು. ಕಣ್ಣು ಮಬ್ಬಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಫೋನ್ ಬೆಳಗಿದರೆ ಗಳಿಸಿದ್ದೆಲ್ಲ ಹೋಗಿ ಮತ್ತೆ ಮೊದಲಿಂದ. ಸಂಜೆಯ ಇಡೀ ಆಟವೇ ಅರ್ಧ ಗಂಟೆಯದು. ನಾನು ರೆಕಾರ್ಡಿಂಗ್ ಹಾಕಿ ಫೋನನ್ನು ಮುಖ ಕೆಳಗೆ ಮಾಡಿ ಬೆಂಚಿನ ಮೇಲೆ ಇಡುತ್ತೇನೆ. ಮನೆಗೆ ಹೋಗಿ ಕೇಳುತ್ತೇನೆ.

ನಕ್ಷತ್ರ ನೋಡುವವರ ಒಂದು ಉಪಾಯವೂ ಇಲ್ಲಿ ನಡೆಯುತ್ತದೆ. ತೀರಾ ಮಬ್ಬಾದ ಮೇಲೆ ಹಕ್ಕಿಯನ್ನು ನೇರ ನೋಡಬೇಡಿ, ಅದರ ಪಕ್ಕಕ್ಕೆ ದೃಷ್ಟಿ ಇಡಿ. ಮಬ್ಬಿನಲ್ಲಿ ಕೆಲಸ ಮಾಡುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಓರೆಗಣ್ಣಿಗೆ ಕಾಣುವುದು ನೆಟ್ಟ ನೋಟಕ್ಕೆ ಕಾಣಲ್ಲ.

ಮಳೆಮರ

ನನಗೆ ಆ ಗೊರವಂಕಗಳ ಲೆಕ್ಕದ ವಿಷಯವೇ ರುಚಿಸಿತು. ಮೇಡಂ, ನಿಮ್ಮ ಲೆಕ್ಕ ತಪ್ಪಿದ್ದು ಯಾಕೆ ಅಂತ ನನಗೆ ಗೊತ್ತು. ನಾನೂ ಎರಡು ವರ್ಷ ಅದೇ ತಪ್ಪು ಮಾಡಿದ್ದೇನೆ.

ನೀವು ಮರದ ಮೇಲಿರುವುದನ್ನು ಎಣಿಸಿದ್ದೀರಿ. ಮರದ ಮೇಲಿರುವುದನ್ನು ಎಣಿಸಲು ದೇವರಿಂದಲೂ ಆಗುವುದಿಲ್ಲ. ಎಲೆಯ ಒಳಗೆ ಎಷ್ಟಿವೆಯೋ, ಕೂತದ್ದು ಮತ್ತೆ ಎದ್ದು ಒಂದು ಸುತ್ತು ಹೊಡೆದು ಬಂದು ಕೂರುತ್ತದೆ, ಅದನ್ನು ನೀವು ಹೊಸದಾಗಿ ಬರೆದುಕೊಳ್ಳುತ್ತೀರಿ. ಜಮಾ ಮಾತ್ರ ಬರೆದು ಖರ್ಚು ಬರೆಯದ ಹಾಗೆ. ನಿಮಗೇ ಇದನ್ನು ಹೇಳಬೇಕಾ!

ಹೀಗೆ ಮಾಡಿ. ಮರದ ಒಂದು ಬದಿಯಲ್ಲಿ, ಆಕಾಶ ಖಾಲಿ ಕಾಣುವ ಒಂದು ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳಿ. ಕಟ್ಟಡದ ಮೂಲೆಯಿಂದ ಕಂಬದ ತುದಿ, ಹೀಗೆ ಏನಾದರೂ. ಆ ಗೆರೆ ದಾಟಿ ಒಳಗೆ ಬಂದದ್ದು ಒಂದು ಕಡೆ, ಹೊರಗೆ ಹೋದದ್ದು ಒಂದು ಕಡೆ. ಗುಂಪು ದೊಡ್ಡದಿದ್ದರೆ ಹತ್ತನ್ನು ಸರಿಯಾಗಿ ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅಂಥ ಎಷ್ಟು ತುಂಡುಗಳಿವೆ ಅಂತ ಲೆಕ್ಕ ಹಾಕಿ. ಎಲ್ಲ ದಿಕ್ಕಿನಿಂದಲೂ ಬರುತ್ತವೆ, ನಿಜ. ಒಂದೇ ದಿಕ್ಕನ್ನು ಹಿಡಿದು ದಿನವೂ ಅದನ್ನೇ ಎಣಿಸಿದರೆ ಸಾಕು. ಪೂರ್ತಿ ಸಂಖ್ಯೆ ಸಿಗದಿದ್ದರೂ ಒಂದು ದಿನವನ್ನು ಇನ್ನೊಂದು ದಿನದ ಪಕ್ಕ ಇಡಬಹುದು.

ಅವು ಯಾಕೆ ಒಂದೇ ಮರಕ್ಕೆ ಬರುತ್ತವೆ ಅನ್ನುವುದು ದೊಡ್ಡ ಪ್ರಶ್ನೆ. ಗುಂಪಿನಲ್ಲಿದ್ದರೆ ಬೇಟೆಯಾಡುವ ಪ್ರಾಣಿಗಳ ಭಯ ಕಡಿಮೆ, ಅದು ಎಲ್ಲರೂ ಹೇಳುವ ಮಾತು. 1973ರಲ್ಲಿ ಪೀಟರ್ ವಾರ್ಡ್ ಮತ್ತು ಅಮೋಟ್ಜ್ ಜಹಾವಿ ಅನ್ನುವ ಪಕ್ಷಿ ವಿಜ್ಞಾನಿಗಳು ಇನ್ನೊಂದು ವಾದ ಮುಂದಿಟ್ಟರು. ರಾತ್ರಿ ತಂಗುವ ಮರ ಒಂದು ಸುದ್ದಿಮನೆ ಅಂತ. ಇವತ್ತು ಹೊಟ್ಟೆ ತುಂಬದ ಹಕ್ಕಿ, ನಾಳೆ ಬೆಳಿಗ್ಗೆ ಹೊಟ್ಟೆ ತುಂಬಿದವುಗಳ ಹಿಂದೆ ಹೊರಡಬಹುದು ಅಂತ ಅವರ ಅಂದಾಜು. ಕೇಳಲು ಬಹಳ ಚಂದ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಸಂಜೆ ನೋಡಿದರೆ ಸುದ್ದಿಗಿಂತ ಸೀಟಿನ ಜಗಳವೇ ಜಾಸ್ತಿ ಕಾಣುತ್ತದೆ.

ಸೀಟಿನ ವಿಷಯ ಬಂತು ಅಂತ ಒಂದು ಮಾತು. ಬಾತುಕೋಳಿಗಳನ್ನು ಸಾಲಾಗಿ ಮಲಗಿಸಿ ರಾಟನ್‌ಬೋರ್ಗ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಸಾಲಿನ ತುದಿಯಲ್ಲಿದ್ದವು ಮಿದುಳಿನ ಅರ್ಧ ಭಾಗವನ್ನು ಮಾತ್ರ ಮಲಗಿಸಿ, ಹೊರಗಡೆಯ ಒಂದು ಕಣ್ಣು ತೆರೆದಿಟ್ಟುಕೊಳ್ಳುವುದು ಜಾಸ್ತಿ. ನಡುವೆ ಇದ್ದವು ಎರಡೂ ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗುತ್ತಿದ್ದವು. ಅದನ್ನು ಓದಿದ ಮೇಲೆ ಗೊರವಂಕಗಳ ಜಗಳ ನನಗೆ ಬೇರೆ ಥರ ಕೇಳಿಸುತ್ತದೆ. ಬಾತುಕೋಳಿಯ ಮಾತು ಗೊರವಂಕಕ್ಕೂ ಸಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೂ ತುದಿಯ ಕೊಂಬೆ ಯಾರಿಗೆ ಬೇಕು, ಹೇಳಿ.

ಕೊಳ ಇದೆ ಅಂದಿರಲ್ಲ, ಅದನ್ನು ಬಿಡಬೇಡಿ. ಬೆಳ್ಳಕ್ಕಿಗಳು ತಂಗಲು ಬರುವ ಹೊತ್ತಿಗೆ ಸರಿಯಾಗಿ ಇರುಳು ಬಕ ಕೆಲಸಕ್ಕೆ ಹೊರಡುತ್ತದೆ. ತಲೆಯ ಮೇಲೆ "ಕ್ವಾಕ್" ಅಂತ ಒಂದೇ ದನಿ, ಕುತ್ತಿಗೆಯೇ ಇಲ್ಲದಂಥ ದಪ್ಪ ಆಕಾರ. ಪಾಳಿ ಬದಲಾಗುವುದನ್ನು ನೋಡಬೇಕೆಂದರೆ ಸಂಜೆಗೇ ಬರಬೇಕು. ಬೆಳಗಿನವರು ಹೆಚ್ಚಿನವರು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಬಿದಿರು ಮೆಳೆ

ಸರಿ ಸರಿ, ಆ್ಯಪ್ ವಿಷಯ ವಾಪಸ್ ತಗೊಂಡೆ. ಹಾಗಾದರೆ ಒಂದು ಒಳ್ಳೆ ಟಾರ್ಚ್ ಒಯ್ಯಲಿ, ಕಂಬದ ಮೇಲೆ ಬಿಟ್ಟರೆ ಕಾಜಾಣವೋ ಹಾಲಕ್ಕಿಯೋ ಒಂದು ಸೆಕೆಂಡಿನಲ್ಲಿ ಗೊತ್ತಾಗುತ್ತೆ. ಇಲ್ಲವಾದರೆ ಫೋನಿನಲ್ಲಿ ಹಾಲಕ್ಕಿಯ ಕೂಗು ಹಾಕಿ, ಇದ್ದರೆ ಉತ್ತರ ಕೊಡುತ್ತೆ.

ಕತ್ತಲೆಕಿವಿ

ಬೇಡ. ದಯವಿಟ್ಟು ಎರಡೂ ಬೇಡ.

ಮಬ್ಬಿಗೆ ಅರಳಿದ ಗೂಬೆಯ ಕಣ್ಣಿಗೆ ಟಾರ್ಚ್ ಬಿಟ್ಟರೆ ಸ್ವಲ್ಪ ಹೊತ್ತು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ನಮಗೆ ಅದು ಒಂದು ಸೆಕೆಂಡು, ಅದಕ್ಕೆ ಬೇಟೆ ತಪ್ಪುವ ಹೊತ್ತು. ಕೂಗು ಹಾಕುವುದು ಇನ್ನೂ ಕೆಟ್ಟದ್ದು. ಅದಕ್ಕೆ ಕೇಳಿಸುವುದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಹಾಲಕ್ಕಿ. ಮರಿಯಿರುವ ಕಾಲವಾದರೆ ಪೊಟರೆ ಬಿಟ್ಟು ಜಗಳಕ್ಕೆ ಬರುತ್ತದೆ. ಎದುರಾಳಿ ಇರುವುದೇ ಇಲ್ಲ. ನಾನು ಕಲಿಯುವ ಕಾಲದಲ್ಲಿ ಹಾಗೆ ಮಾಡಿದ್ದೇನೆ, ಒಂದೇ ಮರದ ಸುತ್ತ ಹದಿನೈದು ನಿಮಿಷ ಒಂದು ಹಕ್ಕಿಯನ್ನು ಓಡಾಡಿಸಿದ್ದೇನೆ. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೇಡಂಗೆ ಟಾರ್ಚ್ ಬೇಕಾಗಿಯೂ ಇಲ್ಲ. ಕಂಬದಲ್ಲಿ ದೀಪ ಇದೆಯಲ್ಲ! ಹಕ್ಕಿ ದೀಪಕ್ಕೂ ನಿಮಗೂ ನಡುವೆ ಬರುವ ಹಾಗೆ ಎರಡು ಹೆಜ್ಜೆ ಸರಿದು ಕೂತರೆ ಆಕಾರ ಸಾಕಷ್ಟು ಕಾಣುತ್ತದೆ.

ಮತ್ತೆ ಒಂದು ಮಾತು. ನೀವು ಪುಸ್ತಕದಲ್ಲಿ ಹೊತ್ತು ಬರೆದಿದ್ದೀರಾ? ಬರೆದಿದ್ದರೆ ಗಡಿಯಾರದ ಹೊತ್ತನ್ನು ಬಿಟ್ಟುಬಿಡಿ, ಸೂರ್ಯ ಮುಳುಗಿ ಎಷ್ಟು ನಿಮಿಷ ಅಂತ ಮಾಡಿ ನೋಡಿ. ಹಕ್ಕಿಗೆ ಗಡಿಯಾರ ಇಲ್ಲ, ಬೆಳಕೇ ಗಡಿಯಾರ.

ಲೆಕ್ಕದ ಮೇಜು

ಎಲ್ಲರಿಗೂ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ತಿಂಗಳ ಕೊನೆ ನೋಡಿ. ಮೂರು ದಿನ ಪಾರ್ಕಿಗೂ ಹೋಗಲಾಗಲಿಲ್ಲ.

ಆ ಮೂರು ದಿನ ಪುಸ್ತಕ ಇಟ್ಟುಕೊಂಡು ಕತ್ತಲೆಕಿವಿಯವರು ಹೇಳಿದ ಕೆಲಸ ಮಾಡಿದೆ. ಲೆಕ್ಕ ಹೊಂದಿಸುವುದು ನನಗೆ ಬರುವ ಒಂದೇ ವಿದ್ಯೆ. ಈ ಏಳು ವಾರದಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಮುಂದೆ ಹೋಗಿದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕಂಬದ ಹಕ್ಕಿಯ ಸಾಲುಗಳನ್ನಷ್ಟೇ ತೆಗೆದು ಬರೆದೆ. ಮೊದಲನೇ ವಾರ 6:10, ಉದ್ದ ಬಾಲ. ಎರಡನೇ ವಾರ 6:22, ಬಾಲವಿಲ್ಲ. ಕೊನೆಯ ವಾರ 6:31, ಉದ್ದ ಬಾಲ. ಅದೇ ವಾರ 6:43, ಬಾಲವಿಲ್ಲ. ಗಡಿಯಾರದ ಪ್ರಕಾರ ನೋಡಿದರೆ ತಲೆಬುಡ ಇಲ್ಲ. ಸೂರ್ಯ ಮುಳುಗಿದ ಹೊತ್ತನ್ನು ಕಳೆದು ನೋಡಿ: 18, 27, 17, 29.

ಉದ್ದ ಬಾಲ ಹದಿನೆಂಟು, ಹದಿನೇಳು. ಬಾಲವಿಲ್ಲದ್ದು ಇಪ್ಪತ್ತೇಳು, ಇಪ್ಪತ್ತೊಂಬತ್ತು. ಮಿಕ್ಕ ಒಂಬತ್ತು ಸಾಲುಗಳಲ್ಲಿ ಎಂಟು ಹೀಗೇ ಎರಡು ಕಡೆ ಹಂಚಿಕೊಂಡವು. ಒಂದೇ ಒಂದು ಸಾಲು ಯಾವ ಕಡೆಗೂ ಸೇರಲಿಲ್ಲ. ಅದರ ಮುಂದೆ ನಾನೇ "ಮಳೆ, ಮೋಡ" ಅಂತ ಬರೆದುಕೊಂಡಿದ್ದೆ. ಬೆಳಕೇ ಗಡಿಯಾರ ಅಂದಮೇಲೆ ಅದೂ ಸರಿಯೇ.

ನಿನ್ನೆ ಹೋದೆ. ಬೈನಾಕ್ಯುಲರ್ ಬ್ಯಾಗಿನಲ್ಲೇ ಇತ್ತು, ಫೋನೂ ಅಷ್ಟೆ. ಮೊದಲು ಪಶ್ಚಿಮಕ್ಕೆ ಬೆನ್ನು ಹಾಕಿ ಕೂತೆ. ಗೊರವಂಕಗಳನ್ನು ನೀರಿನ ಟ್ಯಾಂಕಿನ ಮೂಲೆಯಿಂದ ಎಣಿಸಿದೆ: ಒಳಗೆ 212, ಹೊರಗೆ 31. ಇವತ್ತು ಮತ್ತೆ ನೋಡಿದಾಗ 204, 26. ಇಷ್ಟು ಹತ್ತಿರ ಬರುತ್ತದೆ ಅಂದುಕೊಂಡಿರಲಿಲ್ಲ, ಮಳೆಮರದವರಿಗೆ ನನ್ನ ನಮಸ್ಕಾರ. ಇರುಳು ಬಕ ಮಾತ್ರ ಎರಡೂ ದಿನ ಇಲ್ಲ. ಕೊಳದ ಅಂಚಿನಲ್ಲಿ ಒಂದು ಮಡಿವಾಳ ಹಕ್ಕಿ, ಎಲ್ಲರೂ ಸುಮ್ಮನಾದ ಮೇಲೂ ಹಾಡುತ್ತಲೇ ಇತ್ತು.

ಸೂರ್ಯ ಮುಳುಗಿದ ಮೇಲೆ ಆ ಕಡೆ ತಿರುಗಿ, ಎರಡು ಹೆಜ್ಜೆ ಸರಿದು, ಹುಲ್ಲಿನ ಮೇಲೆ ಕೂತೆ. ಸೀರೆಗೆ ಮಣ್ಣಾಯಿತು. ದೀಪ ಹತ್ತಿತು. ಕಾಜಾಣ ಬಂತು. ಬಾಲ ಸೀಳಿದ್ದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಇಷ್ಟು ದಿನ ನಾನು ಏನು ನೋಡುತ್ತಿದ್ದೆ ಅಂತ ಅನ್ನಿಸಿತು. ಹುಳಕ್ಕೆ ಆರು ಸಲ ಹಾರಿತು, ನಾಲ್ಕು ಸಲ ಸಿಕ್ಕಿತು ಅಂತ ಕಾಣುತ್ತದೆ. ಇಪ್ಪತ್ತೆರಡನೇ ನಿಮಿಷಕ್ಕೆ ಎದ್ದು ಬಿದಿರು ಮೆಳೆಯ ಕಡೆ ಹೋಯಿತು. ಮತ್ತೆ ಬರಲಿಲ್ಲ.

ಕಂಬ ಖಾಲಿ. ಕಾವಲಿನವರು ಅತ್ತ ಕಡೆಯ ಗೇಟು ಹಾಕುವ ಸದ್ದು ಕೇಳಿಸಿತು. ನಾನು ಕಂಬದ ಮೇಲಲ್ಲ, ಅದರ ಪಕ್ಕಕ್ಕೆ ದೃಷ್ಟಿ ಇಟ್ಟುಕೊಂಡು ಕೂತೆ, ಹೇಳಿಕೊಟ್ಟ ಹಾಗೆ. ನಾಲ್ಕು ನಿಮಿಷ. ಪೊಟರೆಯ ಬಾಯಲ್ಲಿ ಏನೋ ದುಂಡಗೆ ಇತ್ತು, ಅದು ಮೊದಲೇ ಇತ್ತಾ ಈಗ ಬಂತಾ ಗೊತ್ತಿಲ್ಲ. ಆಮೇಲೆ ಅದು ಅಲ್ಲಿರಲಿಲ್ಲ. ಕಂಬದ ಮೇಲಿತ್ತು. ಹಾರಿದ ಸದ್ದೇ ಕೇಳಿಸಲಿಲ್ಲ. ತಲೆಯನ್ನು ಮೇಲೆ, ಕೆಳಗೆ, ಎಡಕ್ಕೆ, ಮತ್ತೆ ಮೇಲೆ ಆಡಿಸಿ ನನ್ನನ್ನೇ ನೋಡಿತು.

ದುರ್ಬೀನು ಸರ್, ನಿಮ್ಮ ದುಡ್ಡು ಅರ್ಧ ವಾಪಸ್ ಬರುತ್ತದೆ.

ಹಳೇ ದುರ್ಬೀನು

ಅರ್ಧ ಸಾಕು ಮೇಡಂ. ನಾಳೆ ಆ ಪೊಟರೆಯ ಕೆಳಗೆ ನೆಲ ನೋಡಿ, ಬೆರಳಿನ ತುದಿಯಷ್ಟು ದೊಡ್ಡ ಬೂದು ಉಂಡೆಗಳು ಬಿದ್ದಿರಬಹುದು. ಗೂಬೆಗಳು ಅರಗದೇ ಉಳಿದ ಹುಳದ ಚಿಪ್ಪು, ಸಣ್ಣ ಮೂಳೆಗಳನ್ನು ಹಾಗೆ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತವೆ. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಅದರ ಹಿಂದಿನ ದಿನದ ಊಟದ ಲೆಕ್ಕ ನಿಮಗೆ ಸಿಗುತ್ತದೆ. ಕೈಗೆ ಏನಾದರೂ ಸುತ್ತಿಕೊಂಡು ಮುಟ್ಟಿ.

ಲೆಕ್ಕದ ಮೇಜು

ಮನೆಯಲ್ಲಿ ಇದನ್ನು ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೇನೆ.